ಪಕ್ಕದ ಖಾಲಿ ಜಾಗದಲ್ಲಿ ಕಟ್ಟಡ ಏಳುವಾಗ: ಮಾರುವುದೋ, ಉಳಿಯುವುದೋ, ಮಾತುಕತೆಗೆ ಕೂರುವುದೋ?

ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಖಾಲಿ ಜಾಗದಲ್ಲಿ ಗೂಟ ನೆಟ್ಟು ದಾರ ಕಟ್ಟಿರುತ್ತಾರೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿರುತ್ತಾರೆ. ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಎಷ್ಟು ಅಂತಸ್ತು ಬರುತ್ತದಂತೆ? ನಮ್ಮ ಬೆಳಕು ಹೋಗುತ್ತದಾ? ಬೆಲೆ ಬಿದ್ದುಹೋಗುವ ಮೊದಲು ಮಾರಿಬಿಡೋಣವಾ?

ಇದು ನನ್ನ ಮನೆಯಲ್ಲೂ ನಡೆದಿದೆ. ಆಗ ನಾನು ಕಂಡವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬೆಲೆ ಏರುತ್ತದೋ, ಇಳಿಯುತ್ತದೋ? ಒಬ್ಬರು ಏರುತ್ತದೆ ಎಂದರು, ಇನ್ನೊಬ್ಬರು ಇಳಿಯುತ್ತದೆ ಎಂದರು. ಇಬ್ಬರ ಮಾತೂ ನಿಜವಾಗಿತ್ತು. ಅವರು ಬೇರೆ ಬೇರೆ ವಸ್ತುವಿನ ಬೆಲೆ ಹೇಳುತ್ತಿದ್ದರು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂದು ಮನೆ, ಎರಡು ಬೆಲೆ

ಸ್ವಂತ ಜಾಗದಲ್ಲಿರುವ ಮನೆಗೆ ಎರಡು ಬೆಲೆ ಇರುತ್ತವೆ. ಒಂದು ನೆಲದ ಬೆಲೆ. ಆ ಜಾಗದಲ್ಲಿ ಎಷ್ಟು ಎತ್ತರ, ಎಷ್ಟು ವಿಸ್ತೀರ್ಣ ಕಟ್ಟಲು ನಿಯಮ ಬಿಡುತ್ತದೆ ಎಂಬುದರ ಮೇಲೆ ಅದು ನಿಂತಿರುತ್ತದೆ. ಇನ್ನೊಂದು ವಾಸದ ಬೆಲೆ. ಬೆಳಗಿನ ಬಿಸಿಲು, ಗಾಳಿ, ಸದ್ದಿಲ್ಲದ ರಾತ್ರಿ, ಪರದೆ ಹಾಕದೆ ಓಡಾಡಬಹುದಾದ ಕೋಣೆ, ಇವೆಲ್ಲ ಅದರ ಲೆಕ್ಕಕ್ಕೆ ಸೇರುತ್ತವೆ. ಪಕ್ಕದಲ್ಲಿ 10 ಅಂತಸ್ತು ಎದ್ದರೆ ವಾಸದ ಬೆಲೆ ಕುಸಿಯಬಹುದು. ಅದೇ 10 ಅಂತಸ್ತು ನೆಲದ ಬೆಲೆಯನ್ನು ಮೇಲಕ್ಕೆತ್ತಲೂಬಹುದು, ಏಕೆಂದರೆ ಪಕ್ಕದ ಜಾಗಕ್ಕೆ ಸಿಕ್ಕ ಅನುಮತಿ ನಾಳೆ ನಿಮ್ಮದಕ್ಕೂ ಸಿಗಬಹುದು ಎಂದು ಕೊಳ್ಳುವವರು ಲೆಕ್ಕ ಹಾಕುತ್ತಾರೆ.

ಆ ಲೆಕ್ಕ ಸರಿಯೇ ಎಂದು ಮೊದಲು ನೋಡಿಕೊಳ್ಳಿ. ಪಕ್ಕದವರಿಗೆ ಅಷ್ಟು ಎತ್ತರ ಸಿಕ್ಕಿದ್ದು ಆ ವಲಯದ ಸಾಮಾನ್ಯ ನಿಯಮದಿಂದಲೇ, ಅವರ ಜಾಗದ ಅಳತೆಯಿಂದಲೇ, ಮುಂದಿನ ರಸ್ತೆಯ ಅಗಲದಿಂದಲೇ, ಅಥವಾ ವಿಶೇಷ ವಿನಾಯಿತಿಯಿಂದಲೇ? ಸಾಮಾನ್ಯ ನಿಯಮವಾಗಿದ್ದರೆ ಅದು ನಿಮಗೂ ಅನ್ವಯ. ದೊಡ್ಡ ಜಾಗಕ್ಕೋ ಅಗಲ ರಸ್ತೆಗೋ ಸಿಕ್ಕ ಎತ್ತರ ನಿಮ್ಮ ಸಣ್ಣ ಜಾಗಕ್ಕೆ ಸಿಗುವುದಿಲ್ಲ. ಆಗ ನಿಮ್ಮ ಪಾಲಿಗೆ ಬರುವುದು ನೆರಳು ಮಾತ್ರ. ಮಂಜೂರಾದ ಪ್ಲಾನ್ ಮತ್ತು ವಲಯದ ನಿಯಮ ಎರಡನ್ನೂ ಕಚೇರಿಗೆ ಹೋಗಿ ಕಣ್ಣಾರೆ ನೋಡದೆ ಯಾವ ನಿರ್ಧಾರಕ್ಕೂ ಬರಬೇಡಿ. ಬೀದಿಯಲ್ಲಿ ಹರಿದಾಡುವ ಸುದ್ದಿಯಲ್ಲಿ ಅಂತಸ್ತುಗಳ ಲೆಕ್ಕ ದಿನಕ್ಕೊಂದು ಹೆಚ್ಚುತ್ತದೆ.

ಫ್ಲ್ಯಾಟಿನ ಮಾಲೀಕರ ಸ್ಥಿತಿಯೇ ಬೇರೆ. ನೆಲದಲ್ಲಿ ನಿಮಗಿರುವುದು ಎಲ್ಲರೊಂದಿಗೆ ಹಂಚಿಕೊಂಡ ಪಾಲು. ಏರಿದ ನೆಲದ ಬೆಲೆ ಕೈಗೆ ಸಿಗಬೇಕಾದರೆ ಇಡೀ ಕಟ್ಟಡದವರು ಒಪ್ಪಿ ಕೆಡವಿ ಕಟ್ಟಬೇಕು. ಹಾಗಾಗಿ ಫ್ಲ್ಯಾಟಿಗೆ ವಾಸದ ಬೆಲೆಯೇ ಬೆಲೆ. ಕಿಟಕಿಯ ಮುಂದೆ ಗೋಡೆ ಎದ್ದರೆ ಆ ನಷ್ಟವನ್ನು ತುಂಬಿಕೊಡುವ ಇನ್ನೊಂದು ಲೆಕ್ಕ ನಿಮ್ಮಲ್ಲಿಲ್ಲ.

ಬರುತ್ತಿರುವುದು ಏನು?

ಉದ್ಯಾನ, ಗ್ರಂಥಾಲಯ ಬಂದರೆ ಸಂತೋಷ. ರೈಲು ನಿಲ್ದಾಣ ನಡಿಗೆಯ ದೂರದಲ್ಲಿದ್ದರೆ ವರ, ಹಳಿ ಹಿತ್ತಿಲಿಗೆ ತಾಗಿ ಹೋದರೆ ಸದ್ದು. ಶಾಲೆ ಬಂದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ ವಾಹನಗಳ ಸಾಲು, ಉಳಿದ ಹೊತ್ತು ನೆಮ್ಮದಿ. ಹಗಲೂ ರಾತ್ರಿ ಲಾರಿ ಓಡುವ ಗೋದಾಮು, ಹೊಗೆ ವಾಸನೆಯ ಘಟಕಗಳ ವಿಷಯದಲ್ಲಿ ಮಾತ್ರ ನಾನು ಯಾವ ಸಮಾಧಾನವನ್ನೂ ಹೇಳಲಾರೆ.

ವಸತಿ ಕಟ್ಟಡವಾದರೆ ಉತ್ತರ ಅಷ್ಟು ನೇರವಾಗಿಲ್ಲ. ಅಮೆರಿಕದಲ್ಲಿ ಸರ್ಕಾರದ ತೆರಿಗೆ ರಿಯಾಯಿತಿ ಪಡೆದು ಕಡಿಮೆ ಆದಾಯದವರಿಗಾಗಿ ಕಟ್ಟಿದ ವಸತಿಗಳ ಬಗ್ಗೆ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್ವೇಡ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕಣ್ಣು ತೆರೆಸಿತು. ಬಡ ಬಡಾವಣೆಗಳಲ್ಲಿ ಇಂಥ ಕಟ್ಟಡ ಬಂದಾಗ ತೀರಾ ಹತ್ತಿರದ ಮನೆಗಳ ಬೆಲೆ ಶೇ. 6.5ರಷ್ಟು ಏರಿತ್ತು, ಅಪರಾಧವೂ ತಗ್ಗಿತ್ತು. ಹೆಚ್ಚು ಆದಾಯದ ಬಡಾವಣೆಗಳಲ್ಲಿ ಅದೇ ಬಗೆಯ ಕಟ್ಟಡದಿಂದ ಬೆಲೆ ಶೇ. 2.5ರಷ್ಟು ಇಳಿದಿತ್ತು. ಹಾಳುಬಿದ್ದ ಜಾಗ, ಕಸದ ರಾಶಿ, ದೀಪವಿಲ್ಲದ ರಸ್ತೆ ಇದ್ದಲ್ಲಿ ಹೊಸ ಕಟ್ಟಡ ಬಂದರೆ ಸುತ್ತಮುತ್ತ ಉಸಿರಾಡುತ್ತದೆ. ಮೊದಲೇ ಅಚ್ಚುಕಟ್ಟಾಗಿದ್ದ ಕಡೆ ಅದೇ ಕಟ್ಟಡ ಸ್ವಲ್ಪ ಕಳೆಯಬಹುದು. ಆದರೂ ಆ ಇಳಿಕೆಯ ಪ್ರಮಾಣ ಗಮನಿಸಿ: ಬೀದಿಯಲ್ಲಿ ಜನ ಹೆದರಿಸುವಷ್ಟು ಅದು ದೊಡ್ಡದಲ್ಲ. ನಿಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾತ್ರ ಇನ್ನೊಂದು ಲೆಕ್ಕ ಸೇರುತ್ತದೆ. ಹತ್ತಿರದಲ್ಲೇ ನೂರಾರು ಹೊಸ ಫ್ಲ್ಯಾಟುಗಳು ಒಮ್ಮೆಗೆ ಬಾಡಿಗೆಗೆ ಬಂದಾಗ ಹಳೆಯ ಮನೆಯ ಬಾಡಿಗೆ ಏರಿಸುವುದು ಕಷ್ಟ.

ಬೆಳಕಿನ ಲೆಕ್ಕ ಕಾಗದದ ಮೇಲೆ ಹಾಕಬಹುದು

ಬೆಳಕು ಹೋಗುತ್ತದೆ ಎಂದು ಕೊರಗುವ ಮುಂಚೆ ಲೆಕ್ಕ ಹಾಕಿ. ಉತ್ತರಾರ್ಧ ಗೋಳದಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲ ಸೂರ್ಯ ಅತಿ ಕೆಳಗಿರುತ್ತಾನೆ. 90ರಿಂದ ನಿಮ್ಮ ಅಕ್ಷಾಂಶ ಕಳೆಯಿರಿ, ಮತ್ತೆ 23.4 ಕಳೆಯಿರಿ, ಬಂದದ್ದು ಅಂದಿನ ಸೂರ್ಯನ ಎತ್ತರದ ಕೋನ. ಆ ಲೆಕ್ಕದಲ್ಲಿ 30 ಮೀಟರ್ ಎತ್ತರದ ಕಟ್ಟಡದ ನೆರಳು 13 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 22 ಮೀಟರ್ ಉದ್ದ ಬೀಳುತ್ತದೆ. 40 ಡಿಗ್ರಿಯಲ್ಲಿ 60 ಮೀಟರ್. 52 ಡಿಗ್ರಿಯಲ್ಲಿ 115 ಮೀಟರ್. ಕಟ್ಟಡ ಅದೇ, ನೆರಳು ಐದು ಪಟ್ಟು. ಆದ್ದರಿಂದ ಬೇರೆ ದೇಶದ ಯಾರದೋ ಅನುಭವವನ್ನು ನಿಮ್ಮ ಮನೆಗೆ ತಂದು ಹೊಂದಿಸಬೇಡಿ.

ದಿಕ್ಕೂ ಅಷ್ಟೇ ಮುಖ್ಯ. ಬಿಸಿಲು ಸುಡುವ ನಾಡಿನಲ್ಲಿ ಪಶ್ಚಿಮಕ್ಕೆ ಎತ್ತರದ ಕಟ್ಟಡ ಬಂದರೆ ಸಂಜೆಯ ಕೋಣೆ ತಂಪಾಗುತ್ತದೆ. ಅದನ್ನು ನಷ್ಟದ ಪಟ್ಟಿಗೆ ಬರೆಯಲಾಗದು. ಚಳಿಯ ನಾಡಿನಲ್ಲಿ ದಕ್ಷಿಣದ ಕಟ್ಟಡ ಇಡೀ ಚಳಿಗಾಲದ ಬಿಸಿಲನ್ನೇ ನುಂಗಬಹುದು. ನನ್ನ ಮನೆಗೆ ಕಟ್ಟಡ ಬಂದದ್ದು ಪೂರ್ವಕ್ಕೆ. ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ಚೌಕ ಹತ್ತೂವರೆಗೆ ಸರಿಯಿತು. ಇದಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಎಂದು ಯಾರೂ ಹೇಳಲಾರರು. ಆದರೆ ಪ್ರತಿದಿನ ಬೆಳಿಗ್ಗೆ ನನಗೆ ಗೊತ್ತಾಗುತ್ತದೆ.

ಬೆಳಕಿಗೆ ಕಾನೂನಿನ ಬಲ ಇದೆಯೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 1832ರ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ ಕಿಟಕಿಗೆ ಬಂದ ಬೆಳಕು ಹಕ್ಕಾಗುತ್ತದೆ. ಅಮೆರಿಕದ ಮಯಾಮಿ ಬೀಚ್‌ನಲ್ಲಿ ಫೌಂಟನ್‌ಬ್ಲೂ ಹೋಟೆಲ್ ಕಟ್ಟಿದ 14 ಅಂತಸ್ತಿನ ಹೊಸ ಭಾಗದ ನೆರಳು ಪಕ್ಕದ ಈಡನ್ ರಾಕ್ ಹೋಟೆಲಿನ ಈಜುಕೊಳದ ಮೇಲೆ ಬಿತ್ತು. 1959ರಲ್ಲಿ ಅಲ್ಲಿನ ನ್ಯಾಯಾಲಯ, ಪಕ್ಕದ ಜಾಗದ ಮೂಲಕ ಹಾದುಬರುವ ಗಾಳಿ ಬೆಳಕಿಗೆ ನೆರೆಯವರಿಗೆ ಹಕ್ಕಿಲ್ಲ ಎಂದಿತು. ಜಪಾನ್ ಇದಕ್ಕೆ ತದ್ವಿರುದ್ಧ. 1976ರಲ್ಲಿ ಅಲ್ಲಿನ ಕಟ್ಟಡ ಕಾಯ್ದೆಗೆ ನೆರಳಿನ ಅವಧಿಗೆ ಮಿತಿ ಹಾಕುವ ನಿಯಮ ಸೇರಿತು. ನ್ಯೂಯಾರ್ಕಿನಲ್ಲಿ 1915ರಲ್ಲಿ ಮುಗಿದ 38 ಅಂತಸ್ತಿನ ಈಕ್ವಿಟಬಲ್ ಕಟ್ಟಡ ಸುತ್ತಲಿನ ಬೀದಿಗಳನ್ನು ಕತ್ತಲಿಗೆ ದೂಡಿದ್ದನ್ನು ಜನ ಮರೆಯಲಿಲ್ಲ. 1916ರ ವಲಯ ನಿಯಮ ಬಂದು, ಮೇಲೆ ಹೋದಂತೆ ಕಟ್ಟಡ ಹಿಂದಕ್ಕೆ ಸರಿಯಬೇಕು ಎಂದು ಕಟ್ಟುಮಾಡಿತು.

ನೋಟದ ವಿಷಯ ಮಾತ್ರ ಬೇರೆ. 1610ರ ಇಂಗ್ಲೆಂಡಿನ ಆಲ್ಡ್ರೆಡ್ ಪ್ರಕರಣದಲ್ಲೇ ಈ ಮಾತು ಬಂದಿದೆ: ನೆರೆಯವನ ಹಂದಿಗೂಡಿನ ದುರ್ವಾಸನೆಗೆ ದಾವೆ ಹೂಡಬಹುದು, ಚಂದದ ನೋಟ ಹೋಯಿತೆಂದು ಹೂಡಲಾಗದು. ಕೆರೆ ಕಾಣುತ್ತದೆ, ಬೆಟ್ಟ ಕಾಣುತ್ತದೆ ಎಂದು ಹೆಚ್ಚು ಕೊಟ್ಟು ಮನೆ ಕೊಂಡವರು ಇದನ್ನು ನೆನಪಿಡಬೇಕು. ನಡುವೆ ಖಾಲಿ ಜಾಗವಿದ್ದರೆ ಆ ನೋಟ ಎರವಲು. ಖಾಸಗಿತನಕ್ಕೆ ಇತ್ತೀಚೆಗೆ ಸ್ವಲ್ಪ ಬಲ ಬಂದಿದೆ. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ವೀಕ್ಷಣಾ ಅಟ್ಟದಿಂದ ಜನ ಎದುರಿನ ಗಾಜಿನ ಫ್ಲ್ಯಾಟುಗಳೊಳಗೆ ಇಣುಕುತ್ತಿದ್ದರು. 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಫ್ಲ್ಯಾಟಿನವರ ಪರ ತೀರ್ಪು ಕೊಟ್ಟಿತು.

ಪಾಯ ಅಗೆಯುವ ಮುಂಚಿನ ಒಂದು ದಿನ

ಬೆಲೆಯ ಚರ್ಚೆಯಲ್ಲಿ ಎಲ್ಲರೂ ಮೇಲೆ ನೋಡುತ್ತಾರೆ. ನಾನು ಕೆಳಗೆ ನೋಡಿ ಎನ್ನುತ್ತೇನೆ. ಆಳದ ನೆಲಮಾಳಿಗೆಗೆ ಮಣ್ಣು ತೆಗೆದಾಗ ಪಕ್ಕದ ನೆಲ ಕುಸಿಯುವುದು ಅಂಚಿನಲ್ಲಷ್ಟೇ ಅಲ್ಲ. ಮೆತ್ತನೆಯ ಮಣ್ಣಿನಲ್ಲಿ ಅದರ ಪರಿಣಾಮ ಅಗೆದ ಆಳದ ಎರಡು, ಮೂರು ಪಟ್ಟು ದೂರಕ್ಕೂ ಹೋಗಬಹುದು. ಅಗೆದ ಗುಂಡಿಗೆ ಬರುವ ನೀರನ್ನು ಪಂಪಿನಿಂದ ಹೊರಹಾಕುತ್ತಾ ಹೋದರೆ ಸುತ್ತಲಿನ ಜೇಡಿಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ, ಅದರ ಮೇಲಿನ ಮನೆ ಕೂರುತ್ತದೆ. ಹೊಡೆದು ಇಳಿಸುವ ಪೈಲ್ (ಪಾಯಕ್ಕಾಗಿ ನೆಲದಾಳಕ್ಕೆ ಇಳಿಸುವ ಕಂಬ) ಆದರೆ ನಡುಕವೂ ಸೇರುತ್ತದೆ. ಜರ್ಮನಿಯ ಡಿಐಎನ್ 4150 ಮಾನದಂಡ ಸಾಮಾನ್ಯ ಮನೆಗಳ ಪಾಯಕ್ಕೆ, ನಿಧಾನಗತಿಯ ಕಂಪನದಲ್ಲಿ, ಸೆಕೆಂಡಿಗೆ 5 ಮಿಲಿಮೀಟರ್ ವೇಗವನ್ನು ಮಿತಿಯಾಗಿ ಇಟ್ಟಿದೆ. ಮನುಷ್ಯರಿಗೆ ನಡುಕ ಗೊತ್ತಾಗಲು ಅದರ ಹತ್ತನೇ ಒಂದು ಭಾಗವೂ ಬೇಡ. ಹಾಗಾಗಿ ಪಾತ್ರೆ ಗಲಗಲ ಎಂದ ಮಾತ್ರಕ್ಕೆ ಗೋಡೆಗೆ ಹಾನಿಯಾಗಿದೆ ಎನ್ನಲಾಗದು. ಹಾನಿಯಾಗಿಲ್ಲ ಎನ್ನಲೂ ಆಗದು. ಅಳೆದರೆ ಮಾತ್ರ ಗೊತ್ತು.

ಅಗೆತ ಶುರುವಾಗುವ ಹಿಂದಿನ ಭಾನುವಾರ ನಾನು ಮಲಗುವ ಕೋಣೆಯ ಗೋಡೆಗಳ ಫೋಟೋ ತೆಗೆದಿದ್ದೆ. ಪ್ರತಿ ಫೋಟೋದಲ್ಲೂ ಅಳತೆಪಟ್ಟಿ ಮತ್ತು ಅಂದಿನ ಪತ್ರಿಕೆ ಕಾಣುವಂತೆ ಹಿಡಿದಿದ್ದೆ. ಹೊತ್ತಾಯಿತೆಂದು ಅಡುಗೆಮನೆ ಬಿಟ್ಟೆ. ಎರಡು ತಿಂಗಳ ನಂತರ ಎರಡೂ ಕಡೆ ಬಿರುಕು ಬಂತು. ಅಡುಗೆಮನೆಯ ಬಿರುಕು ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಗಿಳಿದಿತ್ತು. ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ದಿನಾಂಕ ಬರೆದೆ. ಮೂರು ವಾರಕ್ಕೆ ಅದು ಗೆರೆ ದಾಟಿ ಒಂದು ಬೆರಳು ಮುಂದೆ ಹೋಯಿತು. ಕಟ್ಟುವವರು ಬಂದು ನೋಡಿದರು. ಫೋಟೋ ಇದ್ದ ಕೋಣೆಯನ್ನು ತುಟಿಪಿಟಕ್ಕೆನ್ನದೆ ರಿಪೇರಿ ಮಾಡಿಸಿದರು. ಅಡುಗೆಮನೆಯದು ಹಳೆಯ ಬಿರುಕು ಎಂದರು. ಹೊಸದು ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಬಿರುಕು ಕಂಡೊಡನೆ ಎದೆ ಒಡೆದುಕೊಳ್ಳಬೇಕಿಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದಲ್ಲಿ ನೋಡುವುದು ಬಿರುಕಿನ ಅಗಲವನ್ನು: 1 ಮಿಲಿಮೀಟರ್‌ವರೆಗಿನದು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು, 5 ಮಿಲಿಮೀಟರ್‌ವರೆಗೆ ಸಣ್ಣದು, 5ರಿಂದ 15ರವರೆಗಿನದಕ್ಕೆ ಗೋಡೆ ಬಿಚ್ಚಿ ಕೆಲಸ ಬೇಕಾಗಬಹುದು, 15ರ ಮೇಲೆ ಗಂಭೀರ. ಆದರೆ ಅಳತೆಗಿಂತ ಚಲನೆ ಮುಖ್ಯ. ಬೆಳೆಯುತ್ತಿರುವ 2 ಮಿಲಿಮೀಟರ್ ಬಿರುಕು ನಿಂತುಹೋದ 4 ಮಿಲಿಮೀಟರಿನದಕ್ಕಿಂತ ಕೆಟ್ಟದ್ದು. ಮನೆ ಕೊಳ್ಳಲು ಬರುವವರ ಕಣ್ಣೂ ನೇರ ಹೋಗುವುದು ಕಿಟಕಿಯ ಮೂಲೆಗೇ.

ಯಾವ ದಾರಿ ಯಾರಿಗೆ?

ಈಗಲೇ ಮಾರುವುದು. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು. ಆದರೆ ಬಹುಪಾಲು ಜನ ಮಾರಲು ಹೊರಡುವುದು ಅಗೆತ ಶುರುವಾದ ಮೇಲೆ. ಅದು ಅತ್ಯಂತ ಕೆಟ್ಟ ಹೊತ್ತು. ಧೂಳು, ಸದ್ದು, ಕ್ರೇನ್ ಎಲ್ಲ ಕಾಣುತ್ತವೆ. ಮುಗಿದ ಮೇಲೆ ಹೇಗಿರುತ್ತದೆ ಎಂಬುದು ಕಾಣುವುದಿಲ್ಲ. ಕೊಳ್ಳುವವರು ಗೊತ್ತಿಲ್ಲದ್ದಕ್ಕೆಲ್ಲ ಬೆಲೆ ಕಡಿತ ಮಾಡುತ್ತಾರೆ. ಮಾರುವುದೇ ಆದರೆ ಕೆಲಸ ಆರಂಭಕ್ಕೆ ಮುಂಚೆ ಮಾರಿ, ಅದೂ ಪಕ್ಕದ ಯೋಜನೆಯನ್ನು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಮಾರಿದರೆ ಕೆಲವು ದೇಶಗಳಲ್ಲಿ ವ್ಯವಹಾರವೇ ರದ್ದಾಗುವ ಅಪಾಯವಿದೆ. ಕಾನೂನು ಬಿಡಿ, ಇನ್ನೊಂದು ಕುಟುಂಬದ ಉಳಿತಾಯದ ಪ್ರಶ್ನೆ ಅದು. ವಯಸ್ಸಾದವರು, ಉಸಿರಾಟದ ತೊಂದರೆಯವರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಮನೆಯಲ್ಲಿದ್ದರೆ ಬೆಲೆಯಲ್ಲಿ ಸ್ವಲ್ಪ ಕಡಿಮೆಯಾದರೂ ಇದೇ ದಾರಿ ಸರಿ. ಮನೆ ಬಾಡಿಗೆಗೆ ಕೊಟ್ಟು ಎರಡು ಮೂರು ವರ್ಷ ಬೇರೆಡೆ ಇದ್ದು ಬರುವುದೂ ಆಗಬಹುದು, ಸಾಲದ ಕಂತು ಹಗುರವಾಗಿದ್ದರೆ.

ಮುಗಿಯುವವರೆಗೆ ಕಾಯುವುದು. ಅಂಗಡಿ, ಅಗಲವಾದ ರಸ್ತೆ, ಹೊಸ ಚರಂಡಿ ಬರುವಂತಿದ್ದರೆ, ನಿಮ್ಮ ಬೆಳಕಿನ ಲೆಕ್ಕ ಸಹಿಸುವಂತಿದ್ದರೆ, ಕಾದವರಿಗೆ ಲಾಭ. ಕಟ್ಟಡ ಮುಗಿದು ಜನ ಬಂದು ಸೇರಿ ಒಂದು ವರ್ಷ ಕಳೆದಾಗ ಬೀದಿಗೆ ಹೊಸ ಮುಖ ಬಂದಿರುತ್ತದೆ, ಕೊಳ್ಳುವವರಿಗೆ ಊಹಿಸಲು ಏನೂ ಉಳಿದಿರುವುದಿಲ್ಲ. ಒಂದು ಎಚ್ಚರ: ಕಾಯಲು ಕೈಯಲ್ಲಿ ದುಡ್ಡಿನ ಆಸರೆ ಇರಬೇಕು. ನಡುವೆ ಅನಿವಾರ್ಯವಾಗಿ ಮಾರಬೇಕಾಗಿ ಬಂದರೆ ಎರಡೂ ಕಡೆಯ ನಷ್ಟ ನಿಮ್ಮದೇ.

ವಿರೋಧಿಸುವುದು. ಪ್ಲಾನ್ ನಿಯಮ ಮೀರಿದ್ದರೆ ಖಂಡಿತ ವಿರೋಧಿಸಿ. ಬಿಡಬೇಕಾದ ಅಂತರ ಬಿಟ್ಟಿಲ್ಲ, ಎತ್ತರ ಮೀರಿದೆ, ವಸತಿ ಎಂದು ಹೇಳಿ ವಾಣಿಜ್ಯಕ್ಕೆ ಕಟ್ಟುತ್ತಿದ್ದಾರೆ ಎಂಬಂಥ ಆಕ್ಷೇಪಕ್ಕೆ ಬಲವಿದೆ. ಅಳತೆಗಳ ಸಮೇತ, ಗಡುವಿನೊಳಗೆ, ಬರಹದಲ್ಲಿ ಕೊಡಿ. "ನಮ್ಮ ಮನೆಯ ಬೆಲೆ ಇಳಿಯುತ್ತದೆ" ಎಂಬ ಕಾರಣಕ್ಕೆ ಮಾತ್ರ ಬಹಳಷ್ಟು ಯೋಜನಾ ಕಚೇರಿಗಳು ಕಿವಿಗೊಡುವುದಿಲ್ಲ. ಇಂಗ್ಲೆಂಡಿನ ಯೋಜನಾ ವ್ಯವಸ್ಥೆಯಲ್ಲಂತೂ ಅದನ್ನು ಪರಿಗಣಿಸುವ ವಿಷಯವೆಂದೇ ಲೆಕ್ಕಿಸುವುದಿಲ್ಲ. ಹಾಗೇ ಇನ್ನೊಂದು ಮಾತು, ಮನಸ್ಸಿನಿಂದ ಹೇಳುತ್ತೇನೆ. ನಿಯಮದೊಳಗೆ ಕಟ್ಟುವ ಮನೆಗಳನ್ನು ಹೊಸಬರು ಬರುತ್ತಾರೆಂಬ ಒಂದೇ ಕಾರಣಕ್ಕೆ ತಡೆಯಲು ಹೋಗಬೇಡಿ. ನಾವು ಬಂದಾಗ ನಮಗೂ ಯಾರೋ ಜಾಗ ಬಿಟ್ಟಿದ್ದರು.

ಮಾತುಕತೆ. ನನ್ನ ಮಟ್ಟಿಗೆ ಹೆಚ್ಚಿನವರಿಗೆ ಒಗ್ಗುವುದು ಇದೇ, ಮತ್ತು ಅತಿ ಕಡಿಮೆ ಜನ ಪ್ರಯತ್ನಿಸುವುದೂ ಇದನ್ನೇ. ಕಟ್ಟುವವರಿಗೆ ದಿನವೂ ಬಡ್ಡಿ ಓಡುತ್ತಿರುತ್ತದೆ. ನೆರೆಯವರ ತಕರಾರಿನಿಂದ ಕೆಲಸ ನಿಲ್ಲುವುದು ಅವರಿಗೆ ಬೇಡ. ಅಗೆತಕ್ಕೆ ಮುಂಚೆ ಈ ಬಲ ನಿಮ್ಮ ಕೈಯಲ್ಲಿದೆ, ಚಾವಣಿ ಹಾಕಿದ ಮೇಲೆ ಇರುವುದಿಲ್ಲ. ಏನು ಕೇಳಬೇಕು? ಹೊಡೆದು ಇಳಿಸುವ ಪೈಲಿನ ಬದಲು ಕೊರೆದು ಕಾಂಕ್ರೀಟ್ ತುಂಬುವ ಪೈಲ್. ನಿಮ್ಮ ಗೋಡೆಗೆ ಕಂಪನ ಅಳೆಯುವ ಸಾಧನ. ಕೆಲಸದ ಹೊತ್ತಿನ ಮಿತಿ, ಭಾನುವಾರ ಬಿಡುವು. ನಿಮ್ಮ ಕಡೆಯ ಕಿಟಕಿಗಳಿಗೆ ಮಬ್ಬು ಗಾಜು ಅಥವಾ ಎತ್ತರದ ಕಟ್ಟೆ. ಮಳೆನೀರು ನಿಮ್ಮ ಅಂಗಳಕ್ಕೆ ಇಳಿಯದಂತೆ ಇಳಿಜಾರು. ಎಲ್ಲಕ್ಕಿಂತ ಮೊದಲು, ಇಬ್ಬರೂ ಒಪ್ಪುವ ಎಂಜಿನಿಯರ್‌ನಿಂದ ನಿಮ್ಮ ಮನೆಯ ಸದ್ಯದ ಸ್ಥಿತಿಯ ವರದಿ, ಕಟ್ಟುವವರ ಖರ್ಚಿನಲ್ಲಿ. ಇದೇನು ಅತಿಯಾದ ಬೇಡಿಕೆಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಕ್ಕದ ಗೋಡೆಗಳ ಕಾಯ್ದೆಯೇ ಇದೆ: ನೆರೆಯ ಕಟ್ಟಡದಿಂದ 3 ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳಕ್ಕೆ ಅಗೆಯುವವರು ಒಂದು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕು, ಕೆಲವು ಸಂದರ್ಭಗಳಲ್ಲಿ ಈ ದೂರ 6 ಮೀಟರ್. ಅಂಥ ಕಾಯ್ದೆ ಇಲ್ಲದ ಕಡೆ ಅದರ ಸಾರವನ್ನೇ ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು.

ಜಾಗ ಸೇರಿಸಿ ಕೊಡುವುದು. ಕಟ್ಟುವವರಿಗೆ ನಿಮ್ಮ ಜಾಗವೂ ಬೇಕಾಗಿದ್ದರೆ ನೆಲದ ಬೆಲೆ ಪೂರ್ತಿಯಾಗಿ ಕೈಗೆ ಬರುವ ದಾರಿ ಇದೊಂದೇ. ಎರಡು ಸಣ್ಣ ಜಾಗ ಸೇರಿದಾಗ ಸಿಗುವ ಎತ್ತರ ಬಿಡಿಬಿಡಿಯಾಗಿ ಸಿಗುವುದಕ್ಕಿಂತ ಹೆಚ್ಚಿರುತ್ತದೆ, ಆದ್ದರಿಂದ ಚೌಕಾಸಿಗೆ ಅವಕಾಶವಿದೆ. ಕೊನೆಯವರೆಗೂ ಹಿಡಿದು ಕೂತವನಿಗೆ ಹೆಚ್ಚು ಸಿಗುತ್ತದೆ ಎಂದು ಹೇಳುವವರಿದ್ದಾರೆ. ಎಷ್ಟೋ ಸಲ ಅವನನ್ನು ಬಿಟ್ಟು ಪ್ಲಾನ್ ತಿದ್ದಿಕೊಂಡು ಸುತ್ತಲೂ ಕಟ್ಟುತ್ತಾರೆ. ಆಗ ಅವನ ಸಣ್ಣ ಜಾಗಕ್ಕೆ ಬೇರೆ ಗಿರಾಕಿಯೂ ಇಲ್ಲ, ಬೆಳಕೂ ಇಲ್ಲ. ಜಂಟಿ ಅಭಿವೃದ್ಧಿಯಲ್ಲಿ ಹಣದ ಬದಲು ಫ್ಲ್ಯಾಟ್ ಕೊಡುತ್ತೇವೆ ಎಂದರೆ, ಕೆಲಸ ನಡುವೆ ನಿಂತರೆ ಏನು ಎಂಬ ಷರತ್ತನ್ನು ಮೊದಲು ಓದಿ, ವಿಸ್ತೀರ್ಣದ ಪುಟವನ್ನು ಆಮೇಲೆ ಓದಿ.

ಫ್ಲ್ಯಾಟಿನವರಿಗೆ ಈ ಐದರಲ್ಲಿ ನಿಜವಾಗಿ ಉಳಿಯುವುದು ಮೂರು: ಬೇಗ ಮಾರುವುದು, ಸಂಘದ ಹೆಸರಿನಲ್ಲಿ ಮಾತುಕತೆ, ಇಲ್ಲವೇ ಕಾಯುವುದು. ಒಬ್ಬೊಬ್ಬರಾಗಿ ಹೋದರೆ ಒಬ್ಬೊಬ್ಬರನ್ನೇ ಸಮಾಧಾನ ಮಾಡಿ ಕಳಿಸುತ್ತಾರೆ. ಆ ಕಟ್ಟಡದ ಕಡೆಗೆ ಮುಖವಿರುವ ಫ್ಲ್ಯಾಟುಗಳವರಿಗೆ ನೋವು ಹೆಚ್ಚು, ಹಿಂಬದಿಯವರಿಗೆ ಅಷ್ಟಿಲ್ಲ. ಸಂಘದ ಸಭೆಯಲ್ಲಿ ಈ ವ್ಯತ್ಯಾಸವನ್ನು ಮೊದಲೇ ಒಪ್ಪಿಕೊಂಡು ಮಾತು ಶುರು ಮಾಡಿದರೆ ಒಡಕು ಬರುವುದಿಲ್ಲ.

ಒಪ್ಪಂದ ಬರೆಸುವಾಗ ಒಂದು ಷರತ್ತನ್ನು ಬಿಡಬೇಡಿ. ಮಣ್ಣು, ಅದರಲ್ಲೂ ಜೇಡಿಮಣ್ಣು, ಕಟ್ಟಡ ಮುಗಿದ ದಿನವೇ ಕೂತು ಮುಗಿಯುವುದಿಲ್ಲ. ಒಂದೆರಡು ಮಳೆಗಾಲ ಕಳೆಯಬೇಕು. ಹಾಗಾಗಿ ಎರಡನೇ ತಪಾಸಣೆ ಕೆಲಸ ಮುಗಿದ ಕೂಡಲೇ, ಮೂರನೆಯದು ಅದಾಗಿ 12 ತಿಂಗಳ ನಂತರ ಎಂದು ಬರೆಸಿ, ಅಲ್ಲಿಯವರೆಗೆ ರಿಪೇರಿಗೆಂದು ಒಂದು ಮೊತ್ತ ಮೂರನೆಯವರ ಕೈಯಲ್ಲಿ ಠೇವಣಿ ಇರಲಿ. ನನ್ನ ಅಡುಗೆಮನೆಯ ಆ ಬಿರುಕು ನಿಂತದ್ದು ಪಕ್ಕದ ಕಟ್ಟಡಕ್ಕೆ ಜನ ವಾಸಕ್ಕೆ ಬಂದು ಎಂಟು ತಿಂಗಳಾದ ಮೇಲೆ. ಪೆನ್ಸಿಲಿನ ಕೊನೆಯ ಗೆರೆ, ಅದರ ಪಕ್ಕ ಬರೆದ ದಿನಾಂಕ ಇನ್ನೂ ಗೋಡೆಯ ಮೇಲಿದೆ.